ಸ್ಪೀಕರ್ ಮ್ಯಾಗ್ನೆಟ್ ಮುಟ್ಟಿಸಿದ ಕಲ್ಲು

ಮಾರ್ಚ್ 3, ಬೆಳಗ್ಗೆ
ಸೊಪ್ಪು ಕೊಯ್ದಾಯ್ತು. ರೇಷ್ಮೆ ಹುಳು ಚೆನ್ನಾಗಿ ಮೇಯ್ತಿವೆ. ಮೊನ್ನೆ ಆಕಾಶದಿಂದ ಹಿಪ್ಪುನೇರಳೆ ತೋಟಕ್ಕೆ ಬಿದ್ದ ಕರೀ ಕಲ್ಲಿಗೆ ನನ್ನ ಹೆಂಡ್ತಿ ಆದಿಲಕ್ಷ್ಮಿ ಅರಿಶಿನ ಕುಂಕುಮ ಇಟ್ಟು ಹುಳುಮನೆ ಒಳಗೇ ಕೂರಿಸಿದ್ದಾಳೆ. ಬೆಳೆ ಕಾಯುತ್ತಂತೆ. ಈ ವಯಸ್ಸಿಗೂ ಬುದ್ಧಿ…

ಕೆಟ್ಟ ಸ್ಪೀಕರಿನ ಮ್ಯಾಗ್ನೆಟ್ ತಂದು ಮುಟ್ಸಿದೆ. ಟಕ್ ಅಂತ ಕಚ್ಕೊಂತು. "ನೋಡೇ, ನಿನ್ನ ದೇವರು ಬರೀ ಕಬ್ಬಿಣ."

"ಅಯ್ಯೋ ದೇವುಡಾ! ಹಂಗೆಲ್ಲಾ ಮುಟ್ಟಬೇಡಿ!"

ಇನ್ನೂ ಉಜ್ಜಿದೆ. ಬೇಕಂತಲೇ.

ಮಾರ್ಚ್ 4
ಚಿಂತಾಮಣಿ ಕಾಲೇಜಿಂದ ಗೌತಮಿ ಅಂತ ಮೇಡಂ ಬಂದಿದ್ಲು, ಕಲ್ಲು ನೋಡಕ್ಕೆ. ಮೊದಲ ಮಾತೇ— "ತಾತ, ಮ್ಯಾಗ್ನೆಟ್ ಏನಾದ್ರೂ ಮುಟ್ಸಿದ್ರಾ?"

"ಮುಟ್ಸಿದೆ. ಏನೀಗ?"

ಮುಖ ಸಣ್ಣಗಾಯ್ತು. ಭೂಮಿ ಹುಟ್ಟೋಕೆ ಮುಂಚಿನ ಅಯಸ್ಕಾಂತದ ಗುರುತು ಆ ಕಲ್ಲೊಳಗಿತ್ತಂತೆ. "ಅದು ಅಳಿಸಿ ಹೋಗಿರುತ್ತೆ ತಾತ. ಈಗ ಇರೋದು ಆ ಮ್ಯಾಗ್ನೆಟಿಂದ ನೀವು ಬರೆದದ್ದು."

"ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟೋನು ಕಣಮ್ಮ. ಏನು ಬರೀಲಿ?"

ಮೇಡಂ ನಗಲಿಲ್ಲ. ಆದಿಲಕ್ಷ್ಮಿ ಕಲ್ಲು ಕೊಡಲೂ ಇಲ್ಲ. ಪೂಜೆ ಆಗಿದೆಯಂತೆ.

ಮಾರ್ಚ್ 6, ಮಧ್ಯಾಹ್ನ
ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ. ಪೊರೆ ಬಿಡೋತನಕ ಮೇವು ಮುಟ್ಟಲ್ಲ, ತಲೆ ಎತ್ಕೊಂಡು ಅಲ್ಲಾಡದೆ ಇರ್ತವೆ. ಅದು ಸರಿ. ಆದ್ರೆ ಒಂದೊಂದು ಒಂದೊಂದು ಕಡೆಗೆ ತಿರುಗಿರ್ಬೇಕು. ಈ ಸಲ ಎಲ್ಲಾ ಕಲ್ಲಿನ ಕಡೆಗೇ. ತಟ್ಟೆ ತಿರುಗಿಸಿಟ್ಟೆ. ಉಂಡು ಬಂದು ನೋಡಿದ್ರೆ ಮತ್ತೆ ಕಲ್ಲಿನ ಕಡೆಗೇ.

ಮಾರ್ಚ್ 9
ಜ್ವರ ಒಂದು ದಿನದ್ದು. ಇನ್ನೂ ಎದ್ದಿಲ್ಲ. ಹಿಂಗೇ ಆದ್ರೆ ಬೆಳೆ ಪೂರ್ತಿ ಹೋಯ್ತು.

ಆದಿಲಕ್ಷ್ಮಿ ನಿನ್ನೆಯಿಂದ ಹುಳುಮನೆಯಲ್ಲೇ ಕೂತವಳೆ. ಮುದ್ದೆ ಇಟ್ರೆ "ಬೇಡ" ಅಂದ್ಲು. ಬೈದೆ. ತಿರುಗಿ ಬೈಲಿಲ್ಲ. ಅದಕ್ಕೇ ಹೆದರಿಕೆ ಆಗಿದ್ದು.

ಮಾರ್ಚ್ 10, ಬೆಳಗ್ಗೆ
ಕಲ್ಲನ್ನ ಚೀಲಕ್ಕೆ ಹಾಕಿ ದಿಬ್ಬೂರಹಳ್ಳಿ ಕೆರೆಗೆ ಎಸೆದು ಬಂದೆ. ಹುಳ ಹಾಳಾಗಿ ಹೋಗ್ಲಿ, ಇವಳು ಎರಡು ತುತ್ತು ಉಂಡ್ರೆ ಸಾಕು.

ಹುಳುಮನೆ ಬಾಗಿಲಲ್ಲಿ ನಿಂತೆ. ಅಷ್ಟೂ ತಲೆ ಬಾಗಿಲ ಕಡೆ. ಕಿಟಕಿ ಹತ್ರ ಹೋದೆ. ನಿಧಾನಕ್ಕೆ… ಅಷ್ಟೂ ಕಿಟಕಿ ಕಡೆ.

ನಾನು ಹೋದ ಕಡೆ.

"ಲೇ ಆದಿ, ಏಳೇ. ಮನೆಗೆ ಹೋಗಣ." ಗೋಡೆಗೆ ಮುಖ ಮಾಡಿ ಕೂತಿದ್ಲು.

ಹುಳುಮನೆ ಜಗಲಿ ಮೇಲೆ ಕೂತು ಬರೀತಿದೀನಿ. ತೆರೆದ ಬಾಗಿಲಿಂದ ಅವಳ ಬೆನ್ನು ಕಾಣುತ್ತೆ. ಈಗ ಎದ್ದು ಜಗಲಿಯ ಆ ತುದಿಗೆ ಹೋಗಿ ಕೂತೆ. ಅವಳ ತಲೆ ಮೆಲ್ಲಗೆ ಮೇಲೆದ್ದು ನನ್ನ ಕಡೆಗೇ—