ಅಮ್ಮನ ಲೋಟಕ್ಕೆ ಅಳಿಯಂದಿರ ಚೆಂಡು

ತಂಗೀ,
ಆಶೀರ್ವಾದ ಆಮೇಲೆ, ಮೊದಲು ನನ್ನ ಅಳಿಯಂದಿರ ವಿಷಯ ಕೇಳು. ಈ ಪರದೇಶದಲ್ಲಿ ಹೊರಗೆ ಮೈದಾನವೆಲ್ಲ ಹಿಮ ಮುಚ್ಚಿದೆಯೆಂದು ಮಹಾರಾಯರು ನಡುಮನೆಯಲ್ಲೇ ಗಾಲ್ಫ್ ಅಭ್ಯಾಸ ಶುರುಮಾಡಿದ್ದಾರೆ. ಚೆಂಡು ಬೀಳಬೇಕಾದ ಗುಳಿಯ ಬದಲಿಗೆ ನೆಲದ ಮೇಲೆ ಅಡ್ಡ ಮಲಗಿಸಿರುವುದು ಏನನ್ನು ಅಂದುಕೊಂಡೆ? ನಾನು ಊರಿಂದ ತಂದಿದ್ದ ನಮ್ಮಮ್ಮನ ಕಾಫಿ ಲೋಟವನ್ನು! ಒಂದು ಚೆಂಡೂ ಅದರೊಳಗೆ ಹೋಗುವುದಿಲ್ಲ, ಎಲ್ಲ ನನ್ನ ಕಾಲಿಗೇ ಬಡಿಯುತ್ತವೆ. ನಿನ್ನೆ ಮೈಯೆಲ್ಲ ಉರಿದುಹೋಗಿ, ಗುಡಿಸುತ್ತಿದ್ದ ಪೊರಕೆಯನ್ನೇ ತಿರುಗಿಸಿ ಒಂದು ಚೆಂಡಿಗೆ ಬಾರಿಸಿದೆ. ಅದು ನೆಟ್ಟಗೆ ಹೋಗಿ ಲೋಟದೊಳಗೆ ಟಣ್ ಎಂದಿತು.
"ಬಿಡಿ ಅತ್ತೆ, ಏನೋ ಅದೃಷ್ಟ" ಅಂದುಬಿಟ್ಟರು.
ಅದೃಷ್ಟವಂತೆ! ಮಂಡಿನೋವು ಕಡಿಮೆಯಾಗಿದೆ, ಈಗ ಚೆನ್ನಾಗಿ ಬಗ್ಗಲು ಬರುತ್ತದೆ. ಊರಿಗೆ ಬರುವ ಟಿಕೆಟ್ಟನ್ನು ಮುಂದಕ್ಕೆ ಹಾಕಿಸಿದ್ದೇನೆ. ಇನ್ನೊಂದು ಸಲ ಚೆಂಡನ್ನು ಲೋಟಕ್ಕೆ ಹಾಕಿ ತೋರಿಸದೆ ಈ ಮನೆ ಬಿಡುವವಳಲ್ಲ ನಾನು.
ಪೊರಕೆ ಕೈಲಿರುವಾಗಲೇ ಬರೆದ,
ನಿನ್ನ ಅಕ್ಕ