ದ್ಯಾಮಕ್ಕನಿಗೊಂದು ತಿಂಗಳು

ಹೂವಿನಹಡಗಲಿ
೩ ಜನವರಿ ೨೦೨೫, ಶುಕ್ರವಾರ

ಪುಷ್ಪಾ,

ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲ ಸರಿಯಾಗಿದೆ. ದಿನಾ ವಾಯ್ಸ್ ನೋಟ್ ಕಳಿಸುವ ಗಂಡ ಕಾಗದ ಬರೆದಿದ್ದಾನೆ ಎಂದರೆ ಆಸ್ಪತ್ರೆಯ ವಿಷಯವೇ ಇರಬೇಕು ಅಂದುಕೊಂಡಿರುತ್ತೀ. ಹಾಗೇನಿಲ್ಲ. ಸೋಮವಾರದಿಂದ ಒಂದು ತಿಂಗಳು ನಾನು ಕಾದಂಬರಿ ಬರೆಯಲು ಕೂರುತ್ತಿದ್ದೇನೆ. ಅಚ್ಚಿಗೆ ಕೊಡುವಂಥದ್ದಲ್ಲ, ಮೊದಲ ಕರಡು. ಸೊಟ್ಟಗಾದರೂ ಸರಿ, ಕೊನೆಯ ಪುಟದವರೆಗೆ ಹೋಗಬೇಕು. ಈ ಕಾಗದ ಅದಕ್ಕೆ ಕೈ ಪಳಗಿಸುವ ತಾಲೀಮು ಅಂತ ತಿಳಿ.

ತಿಂಗಳನ್ನು ಆರಿಸಿದ್ದು ನಾನಲ್ಲ, ಮಲ್ಲಿಗೆ ಗಿಡ. ನೀರು ನಿಲ್ಲಿಸಿ, ಎಲೆ ಉದುರಿದ ಮೇಲೆ ಮೊನ್ನೆ ಟೊಂಗೆ ಕತ್ತರಿಸಿ ಮುಗಿಸಿದೆವು. ಹೊಸ ಚಿಗುರು ಬಂದು ಮೊಗ್ಗು ಹಿಡಿಯುವವರೆಗೆ ಕೊಯ್ಯುವುದಿಲ್ಲ, ಕಟ್ಟುವುದಿಲ್ಲ, ಕೊಟ್ಟೂರಿನ ಬಸ್ಸಿಗೆ ಬುಟ್ಟಿ ಹಾಕುವುದಿಲ್ಲ. ಐವತ್ತು ತುಂಬಿದ ಮೇಲೂ ಈ ಬಿಡುವನ್ನು ಚಹಾದಂಗಡಿಯ ಕಟ್ಟೆಯ ಮೇಲೆ ಕಳೆದರೆ ಗಿಡಕ್ಕೆ ಮುಖ ತೋರಿಸುವುದು ಹೇಗೆ?

ಹೂ ಕಟ್ಟುವ ಕೋಣೆ ಖಾಲಿ ಮಾಡಿದ್ದೇನೆ. ನಿನ್ನ ಹೊಲಿಗೆ ಮೇಜನ್ನು ಕಿಟಕಿಯ ಹತ್ತಿರ ಎಳೆದುಕೊಂಡಿದ್ದೇನೆ. ಮಷೀನನ್ನು ನಿನ್ನ ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ, ಅದರ ಸೂಜಿಗೂ ಏನೂ ಆಗಿಲ್ಲ. ಒಲೆಯ ಮುಂದೆ ನಿಲ್ಲುವುದು ಬೇಡವೆಂದು ಖಡಕ್ ರೊಟ್ಟಿಯ ಡಬ್ಬಿ ತುಂಬಿಸಿಕೊಂಡಿದ್ದೇನೆ, ಶೇಂಗಾ ಚಟ್ನಿಯೂ ಇದೆ.

ದುರುಗಣ್ಣನ ಚಹಾದಂಗಡಿಗೆ ಹೋಗಿ, ಇನ್ನೊಂದು ತಿಂಗಳು ಬರುವುದಿಲ್ಲ ಎಂದು ಹೇಳಿಬಂದೆ. "ಭಾಳ ಚಲೋ ಆತು ಬಿಡಪಾ ಗುರುಸಂಗಣ್ಣ, ನನ್ನ ಗಿರಾಕಿಗಳಿಗೂ ಸ್ವಲ್ಪ ಮಾತಾಡಾಕ ಜಾಗ ಸಿಗತೈತಿ" ಅಂದ. ಆಮೇಲೆ, ಅದೇನು ಬರೀತೀಯೋ ನಮಗೂ ಸ್ವಲ್ಪ ಹೇಳು ಅಂದ. ಕೇಳಬಾರದಿತ್ತು ಅವನು.

ಕಳೆದ ಚಳಿಗಾಲದ ಶುರುವಿನಲ್ಲಿ, ಹೂವಿನ್ನೂ ಮುಗಿಯದಿದ್ದಾಗ, ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದಳಲ್ಲ, ಗುಡೇಕೋಟೆಯ ದ್ಯಾಮಕ್ಕ, ಅವಳ ಕಥೆಯೇ ನನ್ನ ಕಾದಂಬರಿ. ಗಂಡ ತೀರಿದ ಮೇಲೆ ಮೈದುನ ಮೈಲಪ್ಪ ಕುರಿಗಳನ್ನೆಲ್ಲ ಮಾರಲು ನಿಂತಾಗ, ಒಬ್ಬಳೇ ಹಿಂಡು ಎಬ್ಬಿಸಿಕೊಂಡು ಹೊಳೆಯ ಕಡೆ ಹೊರಟುಬಿಟ್ಟವಳು. ಅಂಗಡಿಯಲ್ಲಿ ಶುರು ಮಾಡಿದೆ. ಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ದಾಟುವಷ್ಟರಲ್ಲಿ ಚಹಾದ ಮೇಲೆ ಚಹಾ ಬಂತು. ಹಗರಿಬೊಮ್ಮನಹಳ್ಳಿ ದಾರಿಯಲ್ಲಿ ಮೈಲಪ್ಪ ಬೈಕ್ ಅಡ್ಡ ನಿಲ್ಲಿಸಿದಾಗ ಯಾರೂ ಲೋಟ ಎತ್ತಲಿಲ್ಲ. "ನಾ ನಿಂತೆ, ಕುರಿ ನಿಲ್ಲಲಿಲ್ಲ" ಅಂದಿದ್ದಳು ದ್ಯಾಮಕ್ಕ. ಹಿಂಡು ಬೈಕಿನ ಎರಡೂ ಕಡೆಯಿಂದ ಹಾದುಹೋಯಿತಂತೆ, ಅವನು ನಡುವೆ ಹಾರ್ನ್ ಹೊಡೆಯುತ್ತ ನಿಂತಿದ್ದನಂತೆ. ಎಲ್ಲರೂ ನಕ್ಕರು. ನನಗೂ ತೃಪ್ತಿಯಾಯಿತು.

ಮನೆಗೆ ಬಂದು ಬರೆಯಲು ಕುಳಿತೆ. "ದ್ಯಾಮಕ್ಕ ಹೊರಟಳು" ಅಂತ ಬರೆದೆ. ಮುಂದೆ ಒಂದು ಅಕ್ಷರವೂ ಬರಲಿಲ್ಲ. ಇದ್ದದ್ದೆಲ್ಲ ಬಾಯಿಂದಲೇ ಹೋಗಿಬಿಟ್ಟಿತ್ತು. ಇಷ್ಟು ವರ್ಷ ನಾನು ಏಕೆ ಏನೂ ಬರೆಯಲಿಲ್ಲ ಎಂದು ಆ ಸಾಯಂಕಾಲ ತಿಳಿಯಿತು. ಅದಕ್ಕೇ ಈ ತಿಂಗಳು ಬಾಯಿಗೆ ಬೀಗ. ವಾಯ್ಸ್ ನೋಟೂ ಇಲ್ಲ. ನೀನು ಹರಪನಹಳ್ಳಿಯ ಹುಡುಗಿಯರ ಹಾಸ್ಟೆಲ್ಲಿಗೆ ವಾರ್ಡನ್ ಆಗಿ ಹೋಗಿ, ಬರುವುದನ್ನೂ ನಿಲ್ಲಿಸಿದಾಗ, ಗಂಡನ್ನ ಬಿಟ್ಟೆಯೇನೇ ಎಂದು ನಿಮ್ಮಕ್ಕ ಕೇಳಿದ್ದಕ್ಕೆ "ಗಂಡನ್ನ ಬಿಟ್ಟಿಲ್ಲಕ್ಕಾ, ಕಿವಿಗೆ ರಜಾ ಕೊಟ್ಟೀನಿ" ಅಂದಿದ್ದೆಯಂತೆ. ಈಗ ಪೂರಾ ರಜೆ ತೆಗೆದುಕೋ.

ಇನ್ನು ನಿನ್ನಿಂದ ಆಗಬೇಕಾದ ಕೆಲಸ. ದ್ಯಾಮಕ್ಕ ಹೇಳಿದ್ದನ್ನೆಲ್ಲ ಬಿಸಿಬಿಸಿಯಾಗಿ ನಿನಗೇ ಹೇಳಿದ್ದೆ. ಹೂ ಕಟ್ಟುವಾಗ ಕೈಗೆ ಬಿಡುವಿಲ್ಲ, ಬಾಯಿಗೆ ಕೆಲಸವಿಲ್ಲ. ಬುಟ್ಟಿಗೆ ಫೋನ್ ಒರಗಿಸಿಕೊಂಡು ಮಾತಾಡಿದ್ದೇ ಮಾತಾಡಿದ್ದು. ಈ ಸಲ ಅವಳು ಇತ್ತ ಬಂದಿಲ್ಲ. ನನ್ನ ಫೋನು ಹೋದ ವಾರ ಹೂವಿನ ಕೋಣೆ ತೊಳೆಯುವಾಗ ನೀರಿನ ಬಕೆಟ್ಟಿಗೆ ಬಿತ್ತು. ಆ ಕಥೆಯೆಲ್ಲ ಈಗ ನಿನ್ನ ಫೋನಿನಲ್ಲಿದೆ.

ನೀನು ಕೇಳಿದ್ದೀಯೋ ಇಲ್ಲವೋ ಎಂಬ ಅನುಮಾನ ನನಗಿಲ್ಲ. ಮೈಲಪ್ಪ ಬೈಕ್ ಅಡ್ಡ ಹಾಕಿದ ಕಡೆ ಯಾರೋ ಹೂವಿಗೆ ಬಂದರು ಎಂದು ನೋಟ್ ನಿಲ್ಲಿಸಿದ್ದೆ. ಮರುದಿನ ಬೆಳಗ್ಗೆ ನಿನ್ನಿಂದ ಒಂದೇ ಒಂದು ಪದ ಬಂದಿತ್ತು: "ಆಮೇಲೆ?" ಈ ಎರಡು ವರ್ಷದಲ್ಲಿ ನೀನು ಕಳಿಸಿದ ಉತ್ತರ ಅದೊಂದೇ. ನಾನು ಅದನ್ನು ಯಾರಿಗೂ ಹೇಳಿಲ್ಲ. ನಾನು ಯಾರಿಗೂ ಹೇಳದೆ ಉಳಿಸಿಕೊಂಡದ್ದೂ ಅದೊಂದೇ ಇರಬೇಕು.

ನೋಟ್‌ಗಳನ್ನು ಕಳಿಸು ಎಂದು ಬರೆಯಲು ಕುಳಿತವನು, ಬರೆಯುತ್ತ ಬರೆಯುತ್ತ ಮನಸ್ಸು ಬದಲಿಸಿದೆ. ಕಳಿಸುವುದು ಬೇಡ. ಈ ಕಾಗದವನ್ನು ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲೇ ಕಳಿಸುತ್ತಿದ್ದೇನೆ, ನಾಳೆಗೆ ಸಿಗುತ್ತದೆ. ಭಾನುವಾರ ನಿನಗೆ ಹಾಸ್ಟೆಲ್ಲಿನಿಂದ ಬಿಡುವಾದರೆ ಹಡಗಲಿ ಬಸ್ಸು ಹತ್ತು. ದ್ಯಾಮಕ್ಕನ ಕಥೆಯಲ್ಲಿ ನಿನಗೆ ನೆನಪಿನಲ್ಲಿ ಉಳಿದಷ್ಟನ್ನು ಹೇಳು. ನಿನ್ನ ನೆನಪಿನಲ್ಲಿ ಇಲ್ಲದ್ದು ಕಾದಂಬರಿಗೂ ಬೇಡ. ಕಥೆ ಹೇಳುವವರಿಗೆ ಹೂಂಗುಟ್ಟುವವರು ಬೇಕಲ್ಲ. ಇಷ್ಟು ವರ್ಷ ಆ ಕೆಲಸ ನೀನು ಮಾಡಿದೆ. ಒಂದು ದಿನ ನನ್ನ ಪಾಳಿ. ನಡುವೆ ಬಾಯಿ ಹಾಕುವುದಿಲ್ಲ. ನೀನು ನಿಲ್ಲಿಸಿದ ಕಡೆ "ಆಮೇಲೆ?" ಅಂತ ಮಾತ್ರ ಕೇಳುತ್ತೇನೆ.

ಬರಲಾಗದಿದ್ದರೆ ಬೇಸರವಿಲ್ಲ ಎಂದು ಬರೆಯುವುದಿಲ್ಲ, ಬೇಸರವಾಗುತ್ತದೆ. ಆದರೂ ಸೋಮವಾರ ಹೊತ್ತು ಮೂಡುವಾಗ ಮೇಜಿನ ಮುಂದೆ ಕೂತಿರುತ್ತೇನೆ. ದ್ಯಾಮಕ್ಕ ಒಬ್ಬಳೇ ಹೊರಟಳು, ನಾನೂ ಹೊರಡುತ್ತೇನೆ.

ಮೊದಲ ಸಲ ಇಷ್ಟು ಹೊತ್ತು ಸದ್ದಿಲ್ಲದೆ ಕುಳಿತ,
ನಿನ್ನ
ಗುರುಸಂಗಪ್ಪ

ತಾ.ಕ.: ಫೋನು ಬಕೆಟ್ಟಿಗೆ ಬಿದ್ದದ್ದು ನಿಜ. ಬಿಸಿಲಿಗೆ ಇಟ್ಟ ಮೇಲೆ ಅದು ಸರಿಹೋಯಿತು ಅನ್ನುವುದನ್ನು ಮೇಲೆ ಬರೆಯಲಿಲ್ಲ. ನೋಟ್‌ಗಳೆಲ್ಲ ಅದರಲ್ಲೇ ಇವೆ. ಒಂದನ್ನೂ ಕೇಳಿಲ್ಲ. ಸ್ವಿಚ್ ಆಫ್ ಮಾಡಿ ನಿನ್ನ ಮಷೀನಿನ ಜೊತೆ ಅದೇ ಸೀರೆಯಲ್ಲಿ ಸುತ್ತಿ, ಗಂಟು ಹಾಕಿದ್ದೇನೆ. ಬಿಚ್ಚುವುದಿದ್ದರೆ ನೀನೇ ಬಂದು ಬಿಚ್ಚು.