ಸಿಲಿಂಡರಿನ ಮೇಲಿದ್ದ ಹಳದಿ ಬಟ್ಟೆ

ಅಣ್ಣ,

ಆರು ವರ್ಷದ ಮೇಲೆ ಇವಳದೇನು ಕಾಗದ ಅಂತ ಹರಿದು ಹಾಕಬೇಡ, ಪೂರ್ತಿ ಓದು.

ಅಪ್ಪನ ಸ್ಪೋರ್ಟ್ಸ್ ಕಾರಿನ ಎಂಜಿನ್ ಬಿಚ್ಚಿದೆ. ಬಿಡಿಭಾಗಗಳನ್ನೆಲ್ಲ ಊಟದ ಮೇಜಿನ ಮೇಲೇ ಹರಡಿಕೊಂಡೆ. ಬೈಯೋರು ಯಾರಿದ್ದಾರೆ? ತಟ್ಟೆಗೆ ಜಾಗವಿಲ್ಲದೆ ನಾಲ್ಕು ತಿಂಗಳು ನಿಂತೇ ಉಂಡೆ.

ನೀರಿನ ಗೊಡವೆಯಿಲ್ಲದೆ ಗಾಳಿಯಲ್ಲೇ ತಣ್ಣಗಾಗೋ ಎಂಜಿನ್ ಅದು. ಗಾಳಿಗೆ ಏನಾದರೂ ಅಡ್ಡ ಬಂದರೆ ಕಥೆ ಮುಗಿದಂತೆ. ಫ್ಯಾನಿನ ತಗಡಿನ ಮುಚ್ಚಳ ತೆಗೆದರೆ, ಸುಟ್ಟುಹೋಗಿದ್ದ ಸಿಲಿಂಡರಿನ ಮೇಲೆ ಹಳದಿ ಬಟ್ಟೆಯೊಂದು ಅರ್ಧ ಕರಕಲಾಗಿ ಅಂಟಿಕೊಂಡಿತ್ತು. ನನ್ನ ಹಳೇ ಫ್ರಾಕಿನ ಚೂರು. ಎಂಜಿನ್ ಒರೆಸಿ ಅದನ್ನು ಅಲ್ಲೇ ಮರೆತವಳು ನಾನು. ನೀನು ಅಡ್ಡಾದಿಡ್ಡಿ ಓಡಿಸಿ ಎಂಜಿನ್ ಸುಟ್ಟೆ ಅಂತ ಅಪ್ಪನ ಮುಂದೆ ಬಾಯಿಗೆ ಬಂದಂತೆ ಅಂದವಳೂ ನಾನೇ. ಅಪ್ಪ ಸಾಯೋವರೆಗೂ ಅದನ್ನೇ ನಂಬಿದ್ದರು.

ಆ ಬಟ್ಟೆಯನ್ನು ಎಸೆದಿಲ್ಲ. ನೀನು ಬಂದಾಗ ತೋರಿಸುತ್ತೇನೆ, ಆಮೇಲೆ ಎಷ್ಟು ಬೇಕಾದರೂ ಬೈ.

ಈಗ ಎಂಜಿನ್ ವಾಪಸ್ ಕಾರಿಗೆ ಕೂತಿದೆ. ಮೇಜು ಖಾಲಿಯಾಗಿದೆ, ಆದರೂ ನಿಂತೇ ಉಣ್ಣುತ್ತೇನೆ. ಸ್ಟಾರ್ಟ್ ಮಾಡೋದೊಂದೇ ಬಾಕಿ. ಆದರೆ ನಿನಗೆ ಗೊತ್ತಲ್ಲ, ಆ ಕಾರಿಗೆ ಎಂಜಿನ್ ಹಿಂದೆ, ಕೀಲಿ ಮುಂದೆ. ನಾನು ಹಿಂದೆ ನಿಂತು ಎಣ್ಣೆ ಸೋರುತ್ತದಾ ಅಂತ ನೋಡಬೇಕಾದರೆ ಮುಂದೆ ಇನ್ನೊಬ್ಬರು ಕೂತಿರಬೇಕು. ಪಕ್ಕದ ಮನೆಯ ಟೈಲರ್ ಬರ್ತೀನಿ ಅಂದರು. ಬೇಡ, ನಮ್ಮಣ್ಣ ಬರ್ತಾನೆ ಅಂದುಬಿಟ್ಟೆ.

ಕೀಲಿ ಈ ಲಕೋಟೆಯಲ್ಲೇ ಇದೆ. ಇರೋದು ಅದೊಂದೇ.

ನಿನ್ನ ತಂಗಿ